ಹೊಸತೊಡಕಿನ ದಿನ ಬಾಡು ತಿನ್ನದವರ ಪಾಲು

ಯುಗಾದಿಯ ಮಾರನೇ ದಿನ ನಮ್ಮ ಹಾಸನ ಸೀಮೆಯಲ್ಲಿ ಹೊಸತೊಡಕು. ಬೆಳಕು ಹರಿಯುವ ಮೊದಲೇ ಊರ ತೋಪಿನಲ್ಲಿ ಎಲೆ ಹಾಸಿ ಗುಡ್ಡೆ ಬಾಡು ಪಾಲು ಹಾಕುತ್ತಾರೆ. ವರ್ಷವಿಡೀ ಚೀಟಿ ಕಟ್ಟಿದವರು ಪಾತ್ರೆ ಹಿಡಿದು ಬಂದು ತಮ್ಮ ತಮ್ಮ ಗುಡ್ಡೆ ತೆಗೆದುಕೊಂಡು ಹೋಗುತ್ತಾರೆ. ಹತ್ತು ಗಂಟೆಗೆಲ್ಲ ಬೀದಿ ತುಂಬ ಚಕ್ಕೆ, ಲವಂಗ, ಧನಿಯ ಹುರಿದ ಘಮ. ಮಧ್ಯಾಹ್ನ ಮುದ್ದೆ, ಬಾಡಿನ ಸಾರು, ಕೈಮ ಉಂಡೆ. ನೆಂಟರು, ಇಷ್ಟರು, ಪಟ್ಟಣದಿಂದ ಬಂದ ಮಕ್ಕಳು, ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ದಿನ.

ಆಲೂರು ಕಡೆಯ ನನ್ನ ತವರಿನಲ್ಲೂ ಹೀಗೇ. ಆರು ವರ್ಷದ ಹಿಂದೆ ನಮ್ಮಣ್ಣ ತರೀಕೆರೆ ಕಡೆಯ ಲಿಂಗಾಯತರ ಮನೆಯ ಹುಡುಗಿಯನ್ನು ಮದುವೆಯಾದ. ಅತ್ತಿಗೆ ಹುಟ್ಟಿದಾಗಿನಿಂದ ಬಾಡು ಮುಟ್ಟಿದವರಲ್ಲ. ಬಂದ ಮೊದಲ ಹೊಸತೊಡಕಿಗೆ ಅವರ ತಟ್ಟೆಯಲ್ಲಿ ಇದ್ದದ್ದು ಹಿಂದಿನ ದಿನದ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮೊಸರನ್ನ. ಒಬ್ಬಟ್ಟಿನ ಸಾರಿಗೆ ಮಾರನೇ ದಿನವೇ ರುಚಿ ಜಾಸ್ತಿ, ನಿಜ. ಆದರೂ ಮನೆಮಂದಿಗೆಲ್ಲ ಬಿಸಿ ಅಡುಗೆ ಆಗಿರುವ ದಿನ ಒಬ್ಬರಿಗೆ ಮಾತ್ರ ನಿನ್ನೆಯದು.

"ಇದೇನ್ ಮಗ, ಹಬ್ಬದ ದಿನ ನಿನ್ನೆ ಸಾರಲ್ಲಿ ಉಣ್ತಿದೀಯ?" ಅಂದಳು ಅಮ್ಮ.

"ಬಿಡಿ ಅತ್ತೆ, ನಂಗೆ ಇಷ್ಟೇ ಸಾಕು" ಅಂದರು ಅತ್ತಿಗೆ.

ಸಾಕು ಅನ್ನುವ ಮಾತಿನಲ್ಲಿ ಎಷ್ಟು ಸಂಕೋಚ ಇರುತ್ತದೆ ಅಂತ ಬೇರೆ ಮನೆಗೆ ಹೋಗಿ ಬಾಳಿದ ಹೆಣ್ಣುಮಕ್ಕಳಿಗೆ ಗೊತ್ತು.

ಮರುವರ್ಷ ಅಣ್ಣ ಬೆಂಗಳೂರಿನಿಂದ ಐಸ್ ಹಾಕಿದ ಡಬ್ಬಿಯಲ್ಲಿ 'ವೆಜ್ ಮಟನ್' ಪ್ಯಾಕೆಟ್ ತಂದ. ಹಸಿರು ಚುಕ್ಕೆ ಇತ್ತು. ಅಮ್ಮ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಮಾಡಿಕೊಟ್ಟಳು. ಅತ್ತಿಗೆ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಅಗಿದರು. ನಾರು ನಾರಾಗಿ ಬಿಡಿಸಿಕೊಂಡಿತು. ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿಬಿಟ್ಟರು. ಚೆನ್ನಾಗಿಲ್ಲವೇ ಅಂತ ಕೇಳಿದರೆ, "ಚೆನ್ನಾಗಿದೆ. ಬಾಡಿನ ಥರಾನೇ ಇದೆ ಅಂತ ಕಾಣುತ್ತೆ, ಅದಕ್ಕೇ ಒಳಗೆ ಹೋಗ್ತಿಲ್ಲ" ಅಂದರು. ಅದೇ ಪ್ಯಾಕೆಟ್ಟಿನ ಉಳಿದ ತುಂಡುಗಳನ್ನು ನಮ್ಮ ಚಿಕ್ಕಪ್ಪ ಖುಷಿಯಿಂದ ತಿಂದರು. ಅವರು ಹತ್ತು ವರ್ಷದ ಹಿಂದೆ ಡಾಕ್ಟರ್ ಹೇಳಿದ ಮೇಲೆ ಮಟನ್ ಬಿಟ್ಟವರು.

ಒಂದೇ ಪ್ಯಾಕೆಟ್, ಎರಡು ನಾಲಿಗೆ. ಮಾಂಸದ ಬದಲಿಗೆ ಬಂದಿರುವ ಪದಾರ್ಥಗಳ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಸರಿಯಾಗಿ ಬಿದ್ದಿಲ್ಲ ಅಂತ ನನಗೆ ಅನಿಸುತ್ತದೆ. ಬಾಡು ತಿಂದು ಬಿಟ್ಟವರಿಗೆ ಅದರ ನೆನಪು ಇರುತ್ತದೆ, ಹೋಲಿಕೆ ಅವರಿಗೆ ಇಷ್ಟವಾಗುತ್ತದೆ. ಹುಟ್ಟಿನಿಂದ ತಿನ್ನದವರಿಗೆ ಆ ಹೋಲಿಕೆಯೇ ಅಡ್ಡ. ಇಬ್ಬರನ್ನೂ 'ಸಸ್ಯಾಹಾರಿ' ಎಂಬ ಒಂದೇ ಹೆಸರಿನಿಂದ ಕರೆದು, ಒಂದೇ ಪ್ಯಾಕೆಟ್ ಮುಂದಿಟ್ಟರೆ ಕೆಲಸ ಆಗುವುದಿಲ್ಲ.

ಈ ಪದಾರ್ಥಗಳು ಹುಟ್ಟಿಕೊಂಡ ಕಡೆ ಅವುಗಳಿಗೆ ಬೇರೆಯದೇ ಕಾರಣ ಇತ್ತು. ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮೇಜಿನ ನಡುವೆ ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ. ಮನೆಯ ಹಿರಿಯರು ಅದನ್ನು ಎಲ್ಲರ ಎದುರು ಕೊಯ್ದು ಹಂಚುತ್ತಾರೆ. ಮಿಕ್ಕಿದ್ದೆಲ್ಲ ಅದರ ಸುತ್ತ ಇಡುವ ಪಕ್ಕದ ಐಟಂ. ಅಂಥ ಊಟದಲ್ಲಿ ಕೋಳಿ ಬೇಡ ಅಂದವರ ತಟ್ಟೆಯ ನಡುವೆ ಖಾಲಿ ಜಾಗ ಉಳಿಯುತ್ತದೆ. ಆ ಜಾಗ ತುಂಬಲಿಕ್ಕೆಂದೇ ಆರೆಗನ್ ರಾಜ್ಯದ ಒಂದು ಸಣ್ಣ ಕಂಪನಿ 1995ರಲ್ಲಿ 'ಟೋಫರ್ಕಿ' ಮಾಡಿತು. ಗೋಧಿಯ ಅಂಟು ಮತ್ತು ತೋಫು (ಸೋಯಾ ಹಾಲಿನಿಂದ ಮಾಡುವ, ಪನೀರಿನಂಥದ್ದು) ಸೇರಿಸಿ ಮಾಡಿದ ಉಂಡೆ, ಒಳಗೆ ಹೂರಣ. ಕೊಯ್ದು ಹಂಚಬಹುದು, ಅದೇ ಅದರ ಮುಖ್ಯ ಗುಣ. ಇಂಗ್ಲೆಂಡಿನ ಕ್ರಿಸ್‌ಮಸ್ ಊಟದಲ್ಲಿ ಬೀಜಗಳನ್ನು ಅರೆದು ಬೇಯಿಸಿದ 'ನಟ್ ರೋಸ್ಟ್' ಮಾಡುವುದೂ ಇದೇ ಕೆಲಸ.

ನಮ್ಮ ಯುಗಾದಿ ಎಲೆಯನ್ನು ಒಮ್ಮೆ ನೋಡಿ. ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಗೊಜ್ಜು, ಚಿತ್ರಾನ್ನ, ಒಬ್ಬಟ್ಟು, ತುಪ್ಪ, ಸಾರು, ಮಜ್ಜಿಗೆಹುಳಿ. ಇದರಲ್ಲಿ ರಾಜ ಯಾರು? ಯಾರೂ ಇಲ್ಲ. ಒಂದು ತೆಗೆದರೂ ಎಲೆ ಬರಿದಾಗುವುದಿಲ್ಲ. ಹೊರನಾಡಿನಲ್ಲಿ, ಶೃಂಗೇರಿಯಲ್ಲಿ ಪ್ರಸಾದಕ್ಕೆ ಕೂತವರು ಯಾರೂ ಇಲ್ಲಿ ಏನೋ ಒಂದು ಕಮ್ಮಿ ಇದೆ ಅಂದುಕೊಳ್ಳುವುದಿಲ್ಲ. ಅದಕ್ಕೇ ಎಲೆಯೂಟದಲ್ಲಿ ಮಾಂಸದ ಬದಲಿ ಎಂಬ ಪ್ರಶ್ನೆ ನಮ್ಮಲ್ಲಿ ಏಳಲೇ ಇಲ್ಲ.

ಹೊಸತೊಡಕಿನ ಊಟಕ್ಕೆ ಮಾತ್ರ ನಡುವೆ ಒಂದು ರಾಜ ಇದೆ. ಮಾರಿಹಬ್ಬ, ಮಹಾಲಯದ ಎಡೆ, ಮದುವೆಯಾದ ಮೇಲಿನ ಬೀಗರೂಟ ಕೂಡ ಹಾಗೇ. ಬಾಡು ಇದ್ದರೇ ಊಟ. ಈ ಊಟಗಳು ರಚನೆಯಲ್ಲಿ ಥ್ಯಾಂಕ್ಸ್‌ಗಿವಿಂಗಿಗೆ ಹತ್ತಿರ, ಒಬ್ಬಟ್ಟಿನ ಎಲೆಗೆ ದೂರ. ಬಾಡು ತಿನ್ನದವರು ಒಂಟಿಯಾಗುವುದು ಇಲ್ಲೇ. ಜಾತಿ ದಾಟಿದ ಮದುವೆಗಳು ಹೆಚ್ಚಿವೆ. ಬೆಂಗಳೂರಿಗೆ ಓದಲು ಹೋದ ಮಕ್ಕಳು ಹಾಲು ಮೊಸರು ಕೂಡ ಬಿಟ್ಟು ಬರುತ್ತಿದ್ದಾರೆ. ಬಿಪಿ, ಕೊಲೆಸ್ಟ್ರಾಲ್ ಅಂತ ಹಿರಿಯರು ಬಿಡುತ್ತಿದ್ದಾರೆ. ಬಾಡೂಟದ ಮನೆಯೊಳಗೇ ಈಗ ಒಬ್ಬರೋ ಇಬ್ಬರೋ ಹೀಗೆ ಇರುತ್ತಾರೆ.

ಬಾಡು ತಿನ್ನುವವರು ಕೂಡ ವರ್ಷದ ಎಲ್ಲ ದಿನ ತಿನ್ನುವುದಿಲ್ಲ ಅಲ್ವಾ? ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಶೇ. 39 ಮಂದಿ ತಾವು ಸಸ್ಯಾಹಾರಿ ಅಂದಿದ್ದರು. ಆದರೆ ಮಾಂಸದ ವಿಷಯದಲ್ಲಿ ಒಂದಲ್ಲ ಒಂದು ಕಟ್ಟುಪಾಡು ಇದೆ ಅಂದವರು, ಈ ಸಸ್ಯಾಹಾರಿಗಳೂ ಸೇರಿ, ಶೇ. 81. ಸೋಮವಾರ ಬೇಡ, ಶನಿವಾರ ಬೇಡ, ಶ್ರಾವಣ ಮುಗಿಯುವವರೆಗೆ ಬೇಡ, ಶಬರಿಮಲೆ ಮಾಲೆ ಹಾಕಿದ್ದಾರೆ ಬೇಡ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಮಾರನೇ ದಿನ ಸೋಮವಾರ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ಹೊಸತೊಡಕನ್ನೇ ಮಂಗಳವಾರಕ್ಕೆ ತಳ್ಳಿದರು. ಹಬ್ಬದ ದಿನವನ್ನೇ ವಾರ ನೋಡಿ ಬದಲಾಯಿಸುವ ಜನಕ್ಕೆ, ಪಕ್ಕದಲ್ಲಿ ಕೂತವರಿಗೆ ಒಂದು ಬೇರೆ ಸಾರು ಇಡುವುದು ಹೊಸ ವಿದ್ಯೆ ಏನಲ್ಲ.

ಹಾಗಾದರೆ ಏನು ಇಡಬೇಕು?

ನಮಗೆ ಹೆಚ್ಚು ಪರಿಚಯದ ಬದಲಿ ಮೀಲ್ ಮೇಕರ್. ಬ್ರ್ಯಾಂಡಿನ ಹೆಸರೇ ಪದಾರ್ಥದ ಹೆಸರಾಗಿ ಉಳಿದುಕೊಂಡಿದೆ. ಸೋಯಾ ಕಾಳಿನಲ್ಲಿ ಸುಮಾರು ಐದನೇ ಒಂದು ಪಾಲು ಎಣ್ಣೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನ್ ತುಂಬಾ ಇರುತ್ತದೆ. ಆ ಹಿಂಡಿಯ ಹಿಟ್ಟಿಗೆ ನೀರು ಬೆರೆಸಿ, ಬಿಸಿ ಮಾಡಿ, ಭಾರೀ ಒತ್ತಡದಲ್ಲಿ ಸಣ್ಣ ತೂತಿನಿಂದ ಹೊರಗೆ ತಳ್ಳುತ್ತಾರೆ. ಶ್ಯಾವಿಗೆ ಒರಳಿನಲ್ಲಿ ಒತ್ತಿದ ಹಾಗೆ. ಒತ್ತುವಾಗ ಪ್ರೋಟೀನ್ ಎಳೆಗಳು ಒಂದೇ ದಿಕ್ಕಿಗೆ ಸಾಲಾಗುತ್ತವೆ. ತೂತಿನಿಂದ ಹೊರಬಿದ್ದ ಕೂಡಲೇ ಒತ್ತಡ ಇಳಿದು, ಒಳಗಿನ ನೀರು ಆವಿಯಾಗಿ, ಭತ್ತ ಅರಳಾದಂತೆ ಉಬ್ಬುತ್ತದೆ. ಅದಕ್ಕೇ ಅಗಿದರೆ ನಾರು, ಒಳಗೆಲ್ಲ ತೂತು. ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿ 1960ರ ದಶಕದಲ್ಲಿ ಬೆಳೆಸಿದ ವಿಧಾನ ಇದು.

ಎಷ್ಟೋ ಜನ ಮೀಲ್ ಮೇಕರ್ ಇಷ್ಟವಿಲ್ಲ ಅನ್ನುವುದು ಅದರ ಹಸಿವಾಸನೆಗೆ. ಆ ವಾಸನೆ ಕಾಳಿನ ಕೊಬ್ಬು ಗಾಳಿಗೆ ಕೆಟ್ಟಾಗ ಹುಟ್ಟುವುದು. ಅಮ್ಮ ಮಾಡುವ ರೀತಿ ಹೇಳುತ್ತೇನೆ. ಕುದಿಯುವ ನೀರಿಗೆ ಉಪ್ಪು ಹಾಕಿ ಐದು ನಿಮಿಷ ಬಿಡುತ್ತಾಳೆ. ಆ ನೀರು ಚೆಲ್ಲುತ್ತಾಳೆ. ತಣ್ಣೀರಿಗೆ ಹಾಕಿ ಎರಡೂ ಅಂಗೈ ನಡುವೆ ಇಟ್ಟು ಹಿಂಡುತ್ತಾಳೆ. ನೊರೆ ನೊರೆಯಾಗಿ ಹಳದಿ ನೀರು ಇಳಿಯುತ್ತದೆ. ಮತ್ತೆ ತಣ್ಣೀರು, ಮತ್ತೆ ಹಿಂಡು. ಮೂರನೇ ಸಲಕ್ಕೆ ನೀರು ತಿಳಿಯಾಗುತ್ತದೆ. ಆಗ ತುಂಡು ಒಣಗಿದ ಸ್ಪಂಜಿನ ಹಾಗೆ ಹಗುರ. ಈ ಹಂತದಲ್ಲಿ ಮಸಾಲೆಗೆ ಹಾಕಿದರೆ ತೂತು ತೂತಿಗೂ ರಸ ಏರುತ್ತದೆ. ಹಿಂಡದೆ ಹಾಕಿದರೆ ಒಳಗೆ ಬರೀ ನೀರು, ಮಸಾಲೆ ಹೊರಗೇ ನಿಲ್ಲುತ್ತದೆ. ಇನ್ನೊಂದು ವಿಷಯ, ಇದರಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಮ್ಮಿ. ಬಾಡಿನ ಸಾರಿಗೆ ಕೊಬ್ಬು, ಮೂಳೆಯ ರಸ ಎಲ್ಲ ಬಾಡಿನಿಂದಲೇ ಬರುತ್ತದೆ. ಇಲ್ಲಿ ಅದನ್ನು ಕಾಯಿ, ಗಸಗಸೆ, ಒಂದು ಸೌಟು ಜಾಸ್ತಿ ಎಣ್ಣೆ ತುಂಬಿಕೊಡಬೇಕು.

ಈಚೆಗೆ ಫ್ರೀಜರಿನಲ್ಲಿ ಸಿಗುವ 'ವೆಜ್ ಚಿಕನ್', 'ವೆಜ್ ಕೀಮಾ' ಇದರ ಮುಂದಿನ ತಲೆಮಾರು. ಸೋಯಾ, ಬಟಾಣಿ, ಗೋಧಿಯ ಪ್ರೋಟೀನಿಗೆ ಎಣ್ಣೆ, ಅಂಟು, ಬಣ್ಣ, ಪರಿಮಳ ಸೇರಿಸುತ್ತಾರೆ. ಅಮೆರಿಕದ ಇಂಪಾಸಿಬಲ್ ಫುಡ್ಸ್ ಸೋಯಾ ಗಿಡದ ಬೇರಿನಲ್ಲಿರುವ, ರಕ್ತದ ಬಣ್ಣ ಕೊಡುವ ಪ್ರೋಟೀನನ್ನು ಯೀಸ್ಟಿನಿಂದ ತಯಾರಿಸಿ ಬಳಸುತ್ತದೆ. ಬಿಯಾಂಡ್ ಮೀಟ್ ಕಂಪನಿ 2019ರ ಮೇ ತಿಂಗಳಲ್ಲಿ ಶೇರಿಗೆ 25 ಡಾಲರಿನಂತೆ ಮಾರುಕಟ್ಟೆಗೆ ಬಂತು. ಜುಲೈ ಹೊತ್ತಿಗೆ 200 ಡಾಲರ್ ದಾಟಿತು. 2025ರ ಹೊತ್ತಿಗೆ ಕೆಲವೇ ಡಾಲರಿಗೆ ಇಳಿದಿತ್ತು. ಒಂದು ಸಲ ರುಚಿ ನೋಡಲು ಕೊಂಡವರು ಮತ್ತೆ ಮತ್ತೆ ಕೊಳ್ಳಲಿಲ್ಲ. ಬೆಲೆ ಜಾಸ್ತಿ ಎಂಬುದು ಒಂದು ಕಾರಣ, ರುಚಿ ಅಷ್ಟಕ್ಕಷ್ಟೇ ಎಂಬುದು ಇನ್ನೊಂದು. ನಮ್ಮ ದೇಶದಲ್ಲೂ ಸಿನಿಮಾ, ಕ್ರಿಕೆಟ್ ತಾರೆಯರು ಇಂಥ ಕಂಪನಿಗಳಿಗೆ ಹಣ ಹಾಕಿದ್ದಾರೆ. ಆದರೆ ಹಾಸನದ ಅಂಗಡಿಯಿಂದ ಆಲೂರಿನ ಹಳ್ಳಿಗೆ ಒಯ್ಯುವಷ್ಟರಲ್ಲಿ ಪ್ಯಾಕೆಟ್ ಬೆವರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡಬೇಕಾದ ಪದಾರ್ಥ, ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ನಂಬಿಕೆಯದಲ್ಲ. ಬೆಲೆ ಕೂಡ ಕಿಲೋ ಲೆಕ್ಕಕ್ಕೆ ಮಟನ್ನಿನ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ.

ಪ್ಯಾಕೆಟ್ ಕೊಳ್ಳುವವರು ಗುರುತು ನೋಡಿ ಕೊಳ್ಳಿ. 'ಮಾಂಸ ಇಲ್ಲ' ಎಂಬುದು ನಮ್ಮ ಲೆಕ್ಕದ ಸಸ್ಯಾಹಾರ ಆಗಲೇಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ 1985ರಿಂದ ಮಾರುವ 'ಕ್ವಾರ್ನ್' ಶಿಲೀಂಧ್ರದಿಂದ ಮಾಡಿದ್ದು, ಆದರೆ ಅದರ ಎಷ್ಟೋ ತಿನಿಸುಗಳಲ್ಲಿ ಅಂಟಿಗೆ ಮೊಟ್ಟೆಯ ಬಿಳಿ ಹಾಕುತ್ತಾರೆ. ನಮ್ಮಲ್ಲಿ ಮೊಟ್ಟೆ ಇದ್ದರೆ ಹಸಿರು ಚುಕ್ಕೆ ಹಾಕುವಂತಿಲ್ಲ. ಹಾಲು, ಜೇನು ಕೂಡ ಇಲ್ಲದ ತಿನಿಸಿಗೆ ಬೇರೆಯದೇ ವೀಗನ್ ಗುರುತು ಇದೆ. ಅದಕ್ಕೆ 2022ರಲ್ಲಿ ನಿಯಮ ಬಂದಿದೆ. ಮನೆಯಲ್ಲಿ ಗೋಧಿ ಅಥವಾ ಸೋಯಾ ಅಲರ್ಜಿ ಇರುವವರಿದ್ದರೆ ಹಿಂದಿನ ಸಣ್ಣ ಅಕ್ಷರ ಓದಲೇಬೇಕು.

ಇನ್ನು ನಮ್ಮದೇ ಬದಲಿಗೆ ಬರೋಣ. ಯುಗಾದಿ ಬರುವ ಹೊತ್ತಿಗೆ ಮಲೆನಾಡಿನ ಅಂಚಿನಲ್ಲಿ ಹಲಸಿನ ಮರದ ತುಂಬ ಎಳೆಗಾಯಿ. ಹೊಸತೊಡಕಿಗೆ ಹೇಳಿ ಮಾಡಿಸಿದ ಕಾಲ. ಮೂರನೇ ವರ್ಷ ಅಮ್ಮ ಹಿತ್ತಲ ಮರದಿಂದ ಎರಡು ಕಾಯಿ ಕೀಳಿಸಿದಳು. ಕೈಗೆ, ಈಳಿಗೆಮಣೆಗೆ ಕೊಬ್ಬರಿ ಎಣ್ಣೆ ಸವರಿಕೊಂಡಳು, ಮೇಣ ಹಿಡಿಯದಿರಲಿ ಅಂತ. ಮುಳ್ಳು ಹೆರೆದು, ನಡುವಿನ ಗಟ್ಟಿ ದಿಂಡು ತೆಗೆದು, ಬಾಡಿನ ತುಂಡಿನ ಗಾತ್ರಕ್ಕೆ ಹೆಚ್ಚಿದಳು. ಮಸಾಲೆ ಒಂದೇ ಸಲ ರುಬ್ಬಿದಳು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ, ಕಾಯಿ. ಒಲೆ ಮೇಲೆ ಏನೂ ಇಡುವ ಮೊದಲೇ ಅದರಲ್ಲಿ ಅರ್ಧ ತೆಗೆದು ಬೇರೆ ಪಾತ್ರೆಗೆ ಹಾಕಿಟ್ಟಳು. ಅದು ಅತ್ತಿಗೆಯ ಪಾಲಿನದು.

ಆದರೆ ಆ ಸಲ ಅಡುಗೆ ಸರಿಯಾಗಲಿಲ್ಲ. ಬಾಡಿನ ಹಾಗೆ ಕುಕ್ಕರಿನಲ್ಲಿ ನಾಲ್ಕು ಕೂಗು ಹಾಕಿಸಿಬಿಟ್ಟಳು. ಹಲಸು ಕರಗಿ ಗೊಜ್ಜಾಯಿತು. ಹಲಸಿಗೆ ಬೇಕಾದ್ದು ಹಬೆ. ಮುಕ್ಕಾಲು ಬೇಯಿಸಿ ಇಟ್ಟುಕೊಂಡು, ಮಸಾಲೆ ಕುದ್ದು ಎಣ್ಣೆ ಬಿಟ್ಟ ಮೇಲೆ ಹಾಕಬೇಕು. ಮರುವರ್ಷದಿಂದ ಹಾಗೇ ಮಾಡುತ್ತಿದ್ದಾಳೆ. ಅತ್ತಿಗೆ ಈಗ ಎರಡನೇ ಮುದ್ದೆಗೂ ಆ ಸಾರನ್ನೇ ಕೇಳುತ್ತಾರೆ. ಅದು ಬಾಡಿನ ಥರ ಇದೆಯೋ ಇಲ್ಲವೋ ಅನ್ನುವ ಮಾತೇ ಬರುವುದಿಲ್ಲ. ಹಲಸು ಹಲಸಿನ ಥರಾನೇ ಇದೆ. ಹಬ್ಬದ್ದು ಅನ್ನಿಸುವುದು ಮಸಾಲೆಯಿಂದ.

ಉಳಿದ ಕಾಲಕ್ಕೆ ಉಳಿದವು ಇವೆ. ಮುಂಗಾರಿನ ಮೊದಲ ಮಳೆ, ಗುಡುಗಿಗೆ ಹುತ್ತದ ಮೇಲೆ ಏಳುವ ಅಣಬೆ. ಆಷಾಢದ ಕಳಲೆ, ಅದನ್ನು ಹೆಚ್ಚಿ ದಿನವೂ ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿಯೇ ತಿನ್ನಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ವಿಷದ ಅಂಶ ಇರುತ್ತದೆ. ಸಂಕ್ರಾಂತಿ ಸುತ್ತಮುತ್ತ ಹಿದಕಿದ ಅವರೆಬೇಳೆ. ವರ್ಷಪೂರ್ತಿ ಸುವರ್ಣಗೆಡ್ಡೆ, ಬಾಳೆಕಾಯಿ. ಕೈಮ ಉಂಡೆಯ ಜಾಗಕ್ಕೆ ಬೇಳೆ ಉಂಡೆ ಸಾರು. ನೆನೆಸಿದ ಕಡಲೆಬೇಳೆ, ತೊಗರಿಬೇಳೆ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಬೆರೆಸಿ ಉಂಡೆ ಕಟ್ಟಿ, ಕುದಿಯುವ ಮಸಾಲೆ ಸಾರಿಗೆ ಒಂದೊಂದಾಗಿ ಇಳಿಬಿಡುವುದು. ಅಜ್ಜಿಯಂದಿರ ಕಾಲದ ಅಡುಗೆ. ಸಾವಿರ ವರ್ಷದ ಹಿಂದೆ ಚೀನಾದಲ್ಲಿ ತೋಫುವಿಗೆ 'ಪುಟ್ಟ ಕುರಿಮಾಂಸ' ಅಂತ ಹೆಸರಿಟ್ಟಿದ್ದರಂತೆ. ಬಾಡಿಗೆ ಸಮ ನಿಲ್ಲುವುದನ್ನು ಹುಡುಕುವ ಆಸೆ ಎಲ್ಲ ಕಡೆ ಹಳೆಯದು.

ಇವು ಎಲ್ಲರಿಗೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಶ್ರವಣಬೆಳಗೊಳದ ಜೈನರ ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಬಳಸದವರಿದ್ದಾರೆ. ಸುವರ್ಣಗೆಡ್ಡೆ ಕೂಡ ಅವರಿಗೆ ವರ್ಜ್ಯ. ಅಣಬೆಯನ್ನು ಬಾಡಿನ ಲೆಕ್ಕಕ್ಕೇ ಸೇರಿಸುವ ಮನೆಗಳು ಎಷ್ಟೋ ಇವೆ. ಕರೆಯುವ ಮುಂಚೆ ಕೇಳಿಬಿಡುವುದು ಒಳ್ಳೆಯದು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರೋಟೀನಿನ ಮಾತು ಬಂದರೆ ಲೆಕ್ಕ ಸ್ವಲ್ಪ ಬೇರೆ. ಮೀಲ್ ಮೇಕರ್ ಪ್ಯಾಕೆಟ್ಟಿನ ಮೇಲೆ 100 ಗ್ರಾಮಿಗೆ 52 ಗ್ರಾಂ ಪ್ರೋಟೀನ್ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಮಟನ್ನಿನಲ್ಲಿ ಸುಮಾರು 20. ಅಂದರೆ ಮಟನ್ನಿನ ಎರಡೂವರೆ ಪಟ್ಟು ಅಂತ ನಂಬುವವರಿದ್ದಾರೆ. ಆದರೆ ಆ 52 ಒಣ ತೂಕದ ಲೆಕ್ಕ. ನೆನೆದ ಮೇಲೆ ತೂಕ ಹೆಚ್ಚುಕಮ್ಮಿ ಮೂರು ಪಟ್ಟಾಗುತ್ತದೆ. ಹಾಗಾಗಿ ತಟ್ಟೆಗೆ ಬಿದ್ದ 100 ಗ್ರಾಮಿನಲ್ಲಿ ಇರುವುದು 17ರ ಆಸುಪಾಸು. ಅದೇನೂ ಕಮ್ಮಿಯಲ್ಲ. ಎಳೆ ಹಲಸಿನಲ್ಲಿ ಮಾತ್ರ 2ರಿಂದ 3 ಗ್ರಾಂ ಅಷ್ಟೇ. ನೋಡಲಿಕ್ಕೆ ಬಾಡಿನ ಹಾಗೆ ಕಂಡರೂ ಹಲಸು ತರಕಾರಿಯೇ. ಅದಕ್ಕೇ ನಮ್ಮವರು ಹಲಸಿನಕಾಯಿಗೆ ಕಡಲೆಕಾಳು ಸೇರಿಸಿ ಮಾಡುವುದು ಒಳ್ಳೆಯ ಜೋಡಿ. ಒಣ ಹುರುಳಿಕಾಳಿನಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ದಿನಕ್ಕೆ ಬೇಕಾದ್ದು ಕಿಲೋ ತೂಕಕ್ಕೆ 0.83 ಗ್ರಾಂ. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಒಂದು ಹಬ್ಬದ ಊಟದಿಂದ ಇದು ಹೆಚ್ಚಾಗುವುದೂ ಇಲ್ಲ, ಕೆಡುವುದೂ ಇಲ್ಲ. ದಿನನಿತ್ಯದ ಊಟದಲ್ಲಿ ಕಾಳು, ಹಾಲು ಮೊಸರು ಇದ್ದರೆ ಸಾಕು. ಹಾಲನ್ನೂ ಬಿಟ್ಟ ಮಕ್ಕಳಿಗೆ ಬಿ12 ವಿಟಮಿನ್ ಸೊಪ್ಪು ತರಕಾರಿಯಿಂದ ಸಿಗುವುದಿಲ್ಲ. ಅವರು ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು.

ನನ್ನ ನಿಜವಾದ ಕಾಳಜಿ ಇರುವುದು ಬೇರೆ ಕಡೆ. ಮನೆಯಲ್ಲಿ ಅಮ್ಮನಂಥವರು ಇರುತ್ತಾರೆ. ಎರಡನೇ ಪಾತ್ರೆ ಇಡುವ ಕೆಲಸ ಅವರ ಮೇಲೇ ಬೀಳುತ್ತದೆ ಎಂಬುದೂ ಸತ್ಯ. ಹೊಸತೊಡಕಿನ ದಿನ ಬೆಳಗ್ಗೆ ಐದಕ್ಕೆ ಎದ್ದವಳು ಇನ್ನೊಂದು ಅಡುಗೆ ಮಾಡಬೇಕೆಂದರೆ ಸುಮ್ನೆ ಆಗುತ್ತದೆಯೇ? ಈಗ ನಮ್ಮಲ್ಲಿ ಹಲಸು ಹೆಚ್ಚುವುದು ಅಣ್ಣನ ಕೆಲಸ. ಮೇಣ ಬಿಡಿಸಿಕೊಳ್ಳುವುದೂ ಅವನದೇ. ಹಿಂದಿನ ರಾತ್ರಿಯೇ ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಟ್ಟರೆ ಕಪ್ಪಾಗುವುದಿಲ್ಲ.

ಮನೆಯ ಹೊರಗೆ, ಬೀಗರೂಟಗಳಲ್ಲಿ, ಪರಿಸ್ಥಿತಿ ತೀರಾ ಹಿಂದಿದೆ. ಹೋದ ವರ್ಷ ಒಂದು ಕಲ್ಯಾಣಮಂಟಪದಲ್ಲಿ ಬೀಗರೂಟಕ್ಕೆ ಹೋಗಿದ್ದೆವು. ಬಾಡಿನ ಸಾಲಿನಲ್ಲಿ ಮುದ್ದೆ, ಬಿರಿಯಾನಿ, ಚಾಪ್ಸ್, ಕಬಾಬ್. ಮೂಲೆಯ ಒಂದು ಮೇಜಿನಲ್ಲಿ ಅನ್ನ, ತಿಳಿಸಾರು, ಬೀನ್ಸ್ ಪಲ್ಯ, ಹಪ್ಪಳ. ಎರಡನೇ ಪಂಕ್ತಿಗೆ ಪಲ್ಯ ಮುಗಿದಿತ್ತು. ಬಡಿಸುವ ಹುಡುಗ ಕಬಾಬಿನ ಇಕ್ಕಳವನ್ನೇ ಹಪ್ಪಳಕ್ಕೂ ಹಾಕಿದ. ಅತ್ತಿಗೆ ಏನೂ ಹೇಳದೆ ಮೊಸರನ್ನ ತಿಂದು ಎದ್ದರು. ಆ ಊಟಕ್ಕೆ ತಲೆಗೆ ಇಷ್ಟು ಅಂತ ಅವರ ಲೆಕ್ಕವನ್ನೂ ಹಿಡಿದೇ ದುಡ್ಡು ಕೊಟ್ಟಿರುತ್ತಾರೆ.

ನಮ್ಮ ಮನೆಯಲ್ಲಿ ಮುಂದಿನ ಬೀಗರೂಟ ತಂಗಿಯದು. ಅಡುಗೆಯವರ ಹತ್ತಿರ ಆಗಲೇ ಮಾತಾಡಿದ್ದೇನೆ. ಮಸಾಲೆ ರುಬ್ಬಿದ ಕೂಡಲೇ ಒಂದು ಪಾಲು ಬೇರೆ ತೆಗೆದಿಡಬೇಕು. ಆ ಮಸಾಲೆಯಲ್ಲಿ ಹಲಸು ಸಿಕ್ಕರೆ ಹಲಸು, ಇಲ್ಲದಿದ್ದರೆ ಬೇಳೆ ಉಂಡೆ. ಮುದ್ದೆ ಈ ಕಡೆಗೂ ಬರಬೇಕು. ಪಾತ್ರೆ, ಸೌಟು, ಇಕ್ಕಳ ಬೇರೆ. ಬಡಿಸುವವರೂ ಬೇರೆ. ಮೇಜು ಮೂಲೆಯಲ್ಲಿ ಬೇಡ, ಅದೇ ಸಾಲಿನ ಮೊದಲಲ್ಲಿ ಇರಲಿ. ಕೊನೆ ಪಂಕ್ತಿಯವರೆಗೂ ಸಾಕಾಗುವಷ್ಟು ಮಾಡಬೇಕು, ಯಾಕೆಂದರೆ ಬಾಡು ತಿನ್ನುವವರೂ ಒಂದು ಸೌಟು ಹಾಕಿಸಿಕೊಳ್ಳುತ್ತಾರೆ. ಅಡುಗೆಯವರು ಖರ್ಚು ಎಷ್ಟು ಜಾಸ್ತಿಯಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿದರು. "ಮಸಾಲೆ ಹೆಂಗಿದ್ರೂ ರುಬ್ಬಲೇಬೇಕಲ್ಲ ಅಕ್ಕ, ಏನ್ ಮಹಾ ಜಾಸ್ತಿ ಆಗಲ್ಲ ಬಿಡಿ" ಅಂದರು.